ಬರೆಯದೆ ಬಿಟ್ಟ ಬೆಲ್ಲ

2004ರ ಮಾರ್ಚ್ 16, ಮಂಗಳವಾರ. ಆ ದಿನದ ಪುಟದಲ್ಲಿ ನಾನು ಬರೆದಿರುವುದು ಇಷ್ಟೇ: ಮನೆ 43, ಬಾಗಿಲು ಹಾಕಿದ್ದು 5, ನೀರು 31 ಲೋಟ.

ನೀರನ್ನೂ ಎಣಿಸಿದ್ದೆ. ಎಣಿಸುವುದು ನನ್ನ ಅಭ್ಯಾಸ. ಹೈಸ್ಕೂಲಿನಲ್ಲಿದ್ದಾಗ, ಬಂಟ್ವಾಳದ ನಮ್ಮ ಮನೆಯ ಕೆಳಗಿನ ಕಡವಿನಲ್ಲಿ ಹೊಳೆ ಎಷ್ಟು ಮೆಟ್ಟಿಲು ಏರಿತೆಂದು ಪ್ರತಿದಿನ ಬರೆದಿಡುತ್ತಿದ್ದೆ. ಆ ಪುಸ್ತಕ ನೋಡಿಯೇ ಒಬ್ಬ ಗುತ್ತಿಗೆದಾರರು ನನಗೆ ಕೆಲಸ ಕೊಟ್ಟರು. ಬೆಳ್ತಂಗಡಿ ಕಡೆಯ ಮನೆಗಳಿಗೆ ಹೋಗಿ ಕರೆಂಟಿನ ಮೀಟರ್ ಓದುವ ಕೆಲಸ. ಬೆಳಿಗ್ಗೆ ಬಂಟ್ವಾಳದಿಂದ ಒಂದು ಬಸ್ಸು, ಬೆಳ್ತಂಗಡಿಯ ಆಫೀಸಿನಿಂದ ರೀಡಿಂಗ್ ಪುಸ್ತಕ ಹಿಡಿದುಕೊಂಡು ಇನ್ನೊಂದು ಬಸ್ಸು, ಆಮೇಲೆ ಮುಂಡಾಜೆಯ ಸುತ್ತಮುತ್ತ ನಡಿಗೆ. ಜಗಲಿಯ ಗೋಡೆಯ ಮೇಲಿನ ಅಂಕಿ ನೋಡುವುದು, ಬರೆಯುವುದು, ಮುಂದಿನ ಮನೆ. ಬಾಗಿಲು ಹಾಕಿದ್ದರೆ ಆ ಮನೆಯ ಮುಂದೆ ‘ಡೋರ್ ಲಾಕ್’ ಎಂದು ಬರೆಯಬೇಕು. ಅಂಥವರಿಗೆ ಹಿಂದಿನ ಮೂರು ತಿಂಗಳ ಸರಾಸರಿ ಹಿಡಿದು ಬಿಲ್ಲು ಹೋಗುತ್ತದೆ. ಒಳಗೆ ಮೀಟರು ನಿಜಕ್ಕೂ ಎಷ್ಟು ಓಡಿತೆಂದು ಆ ತಿಂಗಳು ಯಾರಿಗೂ ಗೊತ್ತಿರುವುದಿಲ್ಲ.

ನಮ್ಮ ಕಡೆ ಬಿಸಿಲಲ್ಲಿ ಬಂದವರಿಗೆ ಮೊದಲು ಬೆಲ್ಲ ಮತ್ತು ನೀರು. ಯಾರು, ಯಾಕೆ ಬಂದರು ಎಂಬುದೆಲ್ಲ ಆಮೇಲೆ. ಸಣ್ಣ ತಟ್ಟೆಯಲ್ಲಿ ಒಂದು ತುಂಡು ಬೆಲ್ಲ, ಪಕ್ಕದಲ್ಲಿ ಚೆಂಬು. ನಮ್ಮ ಬ್ಯಾರಿ ಮುಸ್ಲಿಮರ ಮನೆಯಾದರೆ ಲಿಂಬೆ ಶರಬತ್ತು. ಬೇಡ ಎನ್ನಲು ಕಾರಣ ಹೇಳಬೇಕು. ಕಾರಣ ಹೇಳದೆ ಬೇಡವೆಂದರೆ ಕೊಟ್ಟವರ ಮುಖ ಸಣ್ಣದಾಗುತ್ತದೆ. ಹಾಗಾಗಿ ಎಲ್ಲ ಮನೆಯಲ್ಲೂ ಬೆಲ್ಲದ ಮೂಲೆ ಮುರಿದು ಬಾಯಿಗೆ ಹಾಕಿ, ನೀರು ಕುಡಿದು ಹೊರಡುತ್ತಿದ್ದೆ. ಆ ಮಾರ್ಚಿನಲ್ಲಿ ನೀರು ಸಾಲುತ್ತಲೇ ಇರಲಿಲ್ಲ. ಕುಡಿದ ಹತ್ತು ನಿಮಿಷಕ್ಕೆ ನಾಲಿಗೆ ಅಂಗುಳಿಗೆ ಅಂಟುತ್ತಿತ್ತು.

ಅಕ್ಕ ಜೊಹರಾಳನ್ನು ಮದುವೆ ಮಾಡಿಕೊಟ್ಟದ್ದು ಮೂಡುಬಿದಿರೆ ಹತ್ತಿರದ ಶಿರ್ತಾಡಿಗೆ. ಶುಕ್ರವಾರ ಅವಳ ಮನೆಗೆ ಹೋದಾಗ ಬಾಗಿಲಲ್ಲೇ ನಿಲ್ಲಿಸಿ ನೋಡಿದಳು. ಹ್ಯಾಂಗರಿಗೆ ಅಂಗಿ ಹಾಕಿದ ಹಾಗೆ ಕಾಣುತ್ತೀ ಎಂದಳು. ಮರುದಿನ ಬೆಳಿಗ್ಗೆಯೇ ಮೂಡುಬಿದಿರೆಯ ಒಂದು ಕ್ಲಿನಿಕ್ಕಿಗೆ ಎಳೆದುಕೊಂಡು ಹೋದಳು. ಟೋಕನ್ 17. ನಮ್ಮ ಮುಂದಿದ್ದ ಹದಿನಾರು ಜನರಲ್ಲಿ ಒಂಬತ್ತು ಮಂದಿ ಅಜ್ಜ ಅಜ್ಜಿಯಂದಿರು, ಮಂಡಿನೋವಿನವರು. ಅವರ ನಡುವೆ ಕೂತು, ನನಗೆ ಬಂದಿರುವುದು ಬರೀ ಸೆಕೆ, ಎರಡು ಎಳನೀರು ಕುಡಿದರೆ ಹೋಗುತ್ತದೆ ಎಂದು ಅಕ್ಕನಿಗೆ ಹೇಳುತ್ತಲೇ ಇದ್ದೆ. ಮಧ್ಯೆ ನಾಲ್ಕು ಸಲ ಎದ್ದು ಹೊರಗೆ ಹೋಗಿ ಬಂದೆ.

ಡಾಕ್ಟರು ವಯಸ್ಸಾದವರು. ಎಷ್ಟು ನೀರು ಕುಡಿಯುತ್ತೀ ಎಂದು ಕೇಳಿದರು. ಚೀಲದಿಂದ ಡೈರಿ ತೆಗೆದು ತೋರಿಸಿದೆ. ಕನ್ನಡಕ ಏರಿಸಿ ಓದಿದರು.

“ಇಷ್ಟು ಕುಡಿದವರು ಬೇಕಾದಷ್ಟು ಜನ ಬಂದಿದ್ದಾರೆ. ಬರೆದುಕೊಂಡು ಬಂದವ ನೀನೊಬ್ಬನೇ ಮಾರಾಯ.”

ಅಕ್ಕ ನಕ್ಕಳು. ಬೆರಳು ಚುಚ್ಚಿ ನೋಡಿದಾಗ ಸಕ್ಕರೆ 468. ಡಾಕ್ಟರು ಮತ್ತೆ ತಮಾಷೆ ಮಾಡಲಿಲ್ಲ. ಅಲ್ಲಿಯೇ ನಾಲ್ಕು ದಿನ ಮಲಗಿಸಿದರು. ನನಗೆ ಇಪ್ಪತ್ತೆರಡು ವರ್ಷ. ಇನ್ನು ದಿನಕ್ಕೆ ಎರಡು ಸಲ, ಬೆಳಿಗ್ಗೆ ಆರೂವರೆಗೆ ಮತ್ತು ಸಂಜೆ ಏಳೂವರೆಗೆ, ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಳ್ಳಬೇಕು ಎಂದರು. ಎಷ್ಟು ದಿನ ಎಂದು ಕೇಳಿದೆ. ಅವರು ನನ್ನ ಡೈರಿಯನ್ನು ಮುಚ್ಚಿ ಕೈಗೆ ಕೊಟ್ಟರು.

ಬಾಪ ತೀರಿಕೊಂಡು ಆಗ ಆರು ವರ್ಷ. ಮನೆಯಲ್ಲಿ ಉಮ್ಮ ಮತ್ತು ನಾನು. ಅಣ್ಣ ಸೌದಿಯ ದಮ್ಮಾಮಿನಲ್ಲಿ. ಎರಡು ಕುಟುಂಬದಲ್ಲೂ ಯಾರಿಗೂ ಇಲ್ಲದ ಕಾಯಿಲೆ ಇವನಿಗೆ ಎಲ್ಲಿಂದ ಬಂತು ಎಂಬುದು ಉಮ್ಮನ ಮೊದಲ ಪ್ರಶ್ನೆ. ಆಮೇಲೆ ಅವರು ಪ್ರಶ್ನೆ ಬಿಟ್ಟು ಕೆಲಸಕ್ಕೆ ಇಳಿದರು. ಮನೆಯ ಸಕ್ಕರೆ ಡಬ್ಬಿ ಪಕ್ಕದ ಮನೆಗೆ ಹೋಯಿತು. ತಾವೂ ಬರಿ ಚಹಾ ಕುಡಿಯತೊಡಗಿದರು. ಎಷ್ಟು ಹೇಳಿದರೂ ಕೇಳಲಿಲ್ಲ. ಡಾಕ್ಟರು ನನ್ನ ಚೀಲದಲ್ಲಿ ಯಾವಾಗಲೂ ನಾಲ್ಕು ಪೆಪ್ಪರ್‌ಮಿಂಟು ಇರಲಿ, ಸಕ್ಕರೆ ಇಳಿದು ಕೈ ನಡುಗಿದರೆ ತಿನ್ನು ಎಂದಿದ್ದರು. ನಾನು ಹಾಕಿಟ್ಟದ್ದನ್ನು ಉಮ್ಮ ತೆಗೆದಿಡುತ್ತಿದ್ದರು. ವಿವರಿಸಿದೆ, ತಲೆಯಾಡಿಸಿದರು. ಮತ್ತೆ ನೋಡಿದರೆ ಚೀಲದಲ್ಲಿ ಇಲ್ಲ. ಸಕ್ಕರೆ ಕಾಯಿಲೆಯ ಮಗನ ಚೀಲದಲ್ಲಿ ಸಕ್ಕರೆ ಇರುವುದನ್ನು ಕಂಡು ಸುಮ್ಮನಿರಲು ಅವರ ಕೈಯಿಂದ ಆಗುತ್ತಿರಲಿಲ್ಲ. ಆರನೇ ಸಲದ ಮೇಲೆ ನಾನು ಹಾಕುವುದನ್ನು ಬಿಟ್ಟೆ.

ಅವರು ಕೇಳಿದ್ದು ಒಂದೇ. “ಮದುವೆ ಆಗುವವರೆಗೆ ಯಾರಿಗೂ ಹೇಳುವುದು ಬೇಡ ಮೋನೆ.”

ಹೇಳಲಿಲ್ಲ. ಒಂದು ವರ್ಷ ಹತ್ತು ತಿಂಗಳು ಯಾರಿಗೂ ಹೇಳಲಿಲ್ಲ. ಹೇಳದೆ ಇದ್ದುದರಿಂದ ಬೆಲ್ಲ ಬೇಡ ಎನ್ನಲೂ ಆಗಲಿಲ್ಲ. ಮೊದಲಿನಂತೆ ಮೂಲೆ ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದೆ, ಮೊದಲಿಗಿಂತ ಸಣ್ಣ ತುಂಡು. ಡಾಕ್ಟರು ತಿಂದದ್ದನ್ನೆಲ್ಲ ಬರೆ ಎಂದಿದ್ದರು. ಬರೆದೆ. ಬೆಳಿಗ್ಗೆ ನೀರುದೋಸೆ 4, ಮಧ್ಯಾಹ್ನ ಎರಡು ಗಂಟೆಗೆ ಮುಂಡಾಜೆಯ ಹೋಟೆಲಿನಲ್ಲಿ ಕುಚ್ಚಲಕ್ಕಿ ಅನ್ನ, ಮೀನು ಸಾರು, ರಾತ್ರಿ ಅಕ್ಕಿಯ ಪತ್ತಿರಿ 3. ಬೆಲ್ಲ ಬರೆಯಲಿಲ್ಲ. ಮುಚ್ಚಿಟ್ಟೆ ಎಂದಲ್ಲ. ಅದು ತಿಂದ ಲೆಕ್ಕಕ್ಕೆ ಸೇರುತ್ತದೆ ಎಂದೇ ನನಗೆ ಹೊಳೆಯಲಿಲ್ಲ. ನಮ್ಮೂರಿನಲ್ಲಿ ಬೆಲ್ಲ-ನೀರು ಕೊಟ್ಟವರೂ ‘ಏನೂ ಕೊಡ್ಲಿಕ್ಕೆ ಆಗ್ಲಿಲ್ಲ’ ಎನ್ನುತ್ತಾರೆ, ಕುಡಿದವರೂ ‘ಏನೂ ತೆಗೆದುಕೊಂಡಿಲ್ಲ’ ಎನ್ನುತ್ತಾರೆ.

ಅಣ್ಣ ಊರಿಗೆ ಬರುವವರ ಕೈಯಲ್ಲಿ ಬೆರಳು ಚುಚ್ಚಿ ನೋಡುವ ಯಂತ್ರ ಕಳಿಸಿದ. ಜೊತೆಗೆ ರಕ್ತದ ಹನಿ ಹಾಕುವ ಐವತ್ತು ಪಟ್ಟಿಗಳ ಡಬ್ಬಿ. ಆ ಜಾತಿಯ ಪಟ್ಟಿ ಇಲ್ಲಿ ಸಿಗುತ್ತಿರಲಿಲ್ಲ. ಮುಗಿದರೆ ಮತ್ತೆ ಯಾರಾದರೂ ರಜೆಯಲ್ಲಿ ಬರುವವರೆಗೆ ಕಾಯಬೇಕು. ಹಾಗಾಗಿ ವಾರಕ್ಕೆ ಎರಡೇ ಸಲ, ಬೆಳಿಗ್ಗೆ ಎದ್ದ ಕೂಡಲೇ ನೋಡುತ್ತಿದ್ದೆ. 118, 131, 109, 124. ಅಂಕಿಗಳು ಚಂದ ಇದ್ದವು. ಡಾಕ್ಟರು ಬೆನ್ನು ತಟ್ಟುತ್ತಿದ್ದರು. ಕೆಲಸ ಮುಗಿಸಿ ಕ್ಲಿನಿಕ್ಕಿಗೆ ಹೋದ ಸಂಜೆಗಳಲ್ಲಿ ಮಾತ್ರ ಅಂಕಿ ಹೆಚ್ಚಿರುತ್ತಿತ್ತು, ಆಗ ಬೆಳಗಿನ ಇನ್ಸುಲಿನ್ ಒಂದೆರಡು ಯೂನಿಟ್ ಏರಿಸುತ್ತಿದ್ದರು.

2006ರ ಜನವರಿ 23ರ ಪುಟದಲ್ಲಿ ಒಂದು ಸಾಲು ಇದೆ: ವಾಸಣ್ಣನಿಗೆ ಗೊತ್ತಾಯಿತು.

ವಾಸಣ್ಣ ನಮ್ಮ ಆಫೀಸಿನ ಲೈನ್‌ಮನ್. ಮುಂಡಾಜೆಯಿಂದ ಚಾರ್ಮಾಡಿಯವರೆಗಿನ ಪ್ರತಿ ಕಂಬವನ್ನೂ ಪ್ರತಿ ಮನೆಯ ಅಡುಗೆಯನ್ನೂ ಬಲ್ಲವರು. ಅವತ್ತು ನನ್ನ ರೀಡಿಂಗ್ ಪುಸ್ತಕದಿಂದ ಡಾಕ್ಟರ ಚೀಟಿ ಜಾರಿ ಅವರ ಕಾಲ ಬಳಿ ಬಿತ್ತು. ಅವರ ಹೆಂಡತಿಗೂ ಸಕ್ಕರೆ ಕಾಯಿಲೆ. ಚೀಟಿಯ ಮೇಲಿನ ಒಂದು ಪದ ಸಾಕಾಯಿತು. ನಾವು ಮಾತಾಡಿಕೊಳ್ಳುವುದು ತುಳುವಿನಲ್ಲಿ. ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಎರಡು ವರ್ಷದಿಂದ ಉಂಟಾ? ಮತ್ತೆ ಆ ಮನೆಗಳಲ್ಲೆಲ್ಲ ಬೆಲ್ಲ ತಿಂತಾ ಇದ್ದದ್ದು ಎಂತದಕ್ಕೆ? ಸಾಯ್ಲಿಕ್ಕಾ?”

“ಬೇಡ ಹೇಳ್ಲಿಕ್ಕೆ ಆಗ್ಲಿಲ್ಲ ವಾಸಣ್ಣ.”

“ನಿನಗೆ ಆಗದಿದ್ರೆ ಬಿಡು. ನಾನು ಹೇಳ್ತೇನೆ.”

ಹೇಳಿಯೇ ಬಿಟ್ಟರು. ಫ್ಯೂಸು ಹಾಕಲು ಹೋದ ಮನೆ, ತಂತಿಗೆ ತಾಗಿದ ಗೆಲ್ಲು ಕಡಿಯಲು ಹೋದ ಮನೆ, ದಾರಿಯಲ್ಲಿ ಸಿಕ್ಕಿದವರು, ಯಾರನ್ನೂ ಬಿಡಲಿಲ್ಲ. ಫೆಬ್ರವರಿಯ ರೀಡಿಂಗಿಗೆ ನಾನು ಹೋಗುವಷ್ಟರಲ್ಲಿ ಎಲ್ಲ ಮನೆಗಳಿಗೂ ಸುದ್ದಿ ಮುಟ್ಟಿತ್ತು. ಒಬ್ಬರಾದರೂ ಹೀಯಾಳಿಸಲಿಲ್ಲ. ‘ಪಾಪ, ಇಷ್ಟು ಸಣ್ಣ ಪ್ರಾಯದಲ್ಲಿ’ ಎಂದರು. ಬರಿ ನೀರು ಕೊಟ್ಟರು. ಬ್ಯಾರಿಗಳ ಮನೆಯಲ್ಲಿ ಉಪ್ಪು ಹಾಕಿದ ಮಜ್ಜಿಗೆ. ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಇನ್ನು ಸುಳ್ಳು ಹೇಳಬೇಕಾಗಿಲ್ಲ, ಇನ್ನು ನನ್ನ ಸಕ್ಕರೆ ಇನ್ನೂ ಚೆನ್ನಾಗಿರುತ್ತದೆ ಎಂದುಕೊಂಡೆ. ಉಮ್ಮನಿಗೆ ಮಾತ್ರ ಹೇಳಲಿಲ್ಲ.

ಫೆಬ್ರವರಿ 9, ಗುರುವಾರ. ಮುಂಡಾಜೆಯಿಂದ ಬಸ್ಸು ಹತ್ತಿದ್ದು ಹನ್ನೆರಡೂಕಾಲಿಗೆ. ಎರಡನೇ ಸ್ಟಾಪಿನಲ್ಲಿ ಇಳಿಯಬೇಕಿತ್ತು. ಆಮೇಲಿನದು ನನಗೆ ಸರಿಯಾಗಿ ನೆನಪಿಲ್ಲ. ಬಸ್ಸು ಚಾರ್ಮಾಡಿಯಲ್ಲಿ ನಿಂತಿತ್ತು. ಕಂಡಕ್ಟರು ನನ್ನ ಎರಡು ಕಂಕುಳಿಗೆ ಕೈಹಾಕಿ ಇಳಿಸುತ್ತಿದ್ದ. ಮಧ್ಯಾಹ್ನಕ್ಕೇ ಇಷ್ಟು ಹಾಕಿದರೆ ಸಂಜೆಗೆ ಎಂತ ಉಳೀತದೆ ಎಂದು ಯಾರೋ ನಕ್ಕರು. ನನ್ನ ಅಂಗಿ ಪೂರ್ತಿ ಒದ್ದೆ. ಅಂಗಡಿಯವರೊಬ್ಬರು ಬೆಂಚಿನ ಮೇಲೆ ಕೂರಿಸಿ, ಗಾಜಿನ ಲೋಟದಲ್ಲಿ ಚಹಾ ಕೊಟ್ಟರು. ಹತ್ತು ನಿಮಿಷದಲ್ಲಿ ಕಣ್ಣು ತಿಳಿಯಾಯಿತು. ನಿದ್ದೆ ಸಾಲದ್ದು ಎಂದುಕೊಂಡೆ. ಅವತ್ತಿನ ಪುಟದಲ್ಲಿ ಬರೆದದ್ದು ಇದು: ಸಕ್ಕರೆ ಹಾಕಿದ ಚಹಾ ಕುಡಿದೆ. ತಪ್ಪು. ಇನ್ನು ಕುಡಿಯಬಾರದು.

ಆಮೇಲೆ ಅಂಥದ್ದು ಮತ್ತೆ ಮತ್ತೆ ಆಯಿತು. ಮಾರ್ಚ್ ಮುಗಿಯುವಷ್ಟರಲ್ಲಿ ಏಳು ಸಲ. ಎಲ್ಲ ಸಲವೂ ಹನ್ನೆರಡರಿಂದ ಒಂದೂವರೆಯ ಒಳಗೆ. ಕಾಲ ಕೆಳಗಿನ ನೆಲ ಮೆತ್ತಗಾದಂತೆ, ಮಾತು ದೂರದ ರೇಡಿಯೋದಂತೆ. ಬೆವರು ಬರುತ್ತಿತ್ತು, ಆದರೆ ಮಾರ್ಚಿನ ಬಿಸಿಲಲ್ಲಿ ನಡೆಯುವವನಿಗೆ ಬೆವರು ಯಾಕೆ ಬಂತೆಂದು ಕೇಳುವವರು ಯಾರು? ಸಕ್ಕರೆ ಇಳಿದರೆ ಕೈ ನಡುಗುತ್ತದೆ ಎಂದು ಡಾಕ್ಟರು ಹೇಳಿದ್ದು ನೆನಪಿತ್ತು. ಆದರೆ ನೆನಪು ಇರುತ್ತಿದ್ದುದು ಬೇರೆ ಹೊತ್ತಿನಲ್ಲಿ. ಆ ಹೊತ್ತಿನಲ್ಲಿ ನನ್ನ ಹೆಸರೇ ಶರೀಫ್ ಎಂದು ನೆನಪಾಗಲು ಸಮಯ ಬೇಕಾಗುತ್ತಿತ್ತು.

ನನ್ನನ್ನು ನಿಜವಾಗಿ ಹೆದರಿಸಿದ್ದು ಬೇರೆಯೇ. ಗುತ್ತಿಗೆದಾರರು ಒಂದು ದಿನ ಕರೆದು ರೀಡಿಂಗ್ ಪುಸ್ತಕದ ಒಂದು ಪುಟ ಮುಂದಿಟ್ಟರು. ಹನ್ನೊಂದು ಮನೆಗಳ ಅಂಕಿ. ಮೂರೋ ಎಂಟೋ ಗೊತ್ತಾಗದು, ಸಾಲು ಕೆಳಗೆ ಇಳಿದು ಪಕ್ಕದ ಮನೆಯ ಕಾಲಂ ಸೇರಿದೆ. ಕೈಬರಹ ನನ್ನದೇ. ಬರೆದ ನೆನಪಿಲ್ಲ. ಆ ಮನೆಗಳಿಗೆ ಹೋದ ನೆನಪೂ ಇಲ್ಲ.

“ಕುಡೀತಾನೆ ಅಂತ ಜನ ಹೇಳ್ತಾರೆ, ನಾನು ನಂಬಿಲ್ಲ,” ಎಂದರು ಅವರು. “ಆದ್ರೆ ಅಂಕಿ ನಂಬ್ಲಿಕ್ಕೆ ಆಗದವನನ್ನು ನಾನು ಇಟ್ಟುಕೊಂಡು ಎಂತ ಮಾಡುದು? ಏಪ್ರಿಲ್ ಕೊನೆಯವರೆಗೆ ನೋಡುವ.”

ಕುಡೀತಾನೆ ಎಂಬ ಆ ಮಾತು ಬಂಟ್ವಾಳಕ್ಕೂ ಬಂತು. ಯಾರು ತಂದರೋ. ಒಂದು ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವಾಗ ಉಮ್ಮ ಹತ್ತಿರ ಬಂದರು. ನನ್ನ ಗಲ್ಲ ಹಿಡಿದು, ತಮ್ಮ ಮುಖವನ್ನು ನನ್ನ ಬಾಯಿಯ ಹತ್ತಿರ ತಂದು ಉಸಿರು ಎಳೆದುಕೊಂಡರು. ಆಮೇಲೆ ಒಳಗೆ ಹೋಗಿ ಚಹಾಕ್ಕೆ ನೀರಿಟ್ಟರು. ಮಾರ್ಚ್ 28ರಿಂದ ಏಪ್ರಿಲ್ 16ರವರೆಗೆ ಪ್ರತಿ ಸಂಜೆ ಹಾಗೆಯೇ. ನಾನು ಬಾಗಿ ನಿಂತುಕೊಳ್ಳುತ್ತಿದ್ದೆ, ಅವರಿಗೆ ಎಟುಕಲಿ ಎಂದು.

ಮೂಡುಬಿದಿರೆಯ ಡಾಕ್ಟರು ಡೈರಿಯನ್ನು ಹಿಂದೆ ಮುಂದೆ ತಿರುವಿ ನೋಡಿದರು. ಬೆಳಗಿನ ಅಂಕಿ ಎಲ್ಲ ಸರಿ ಉಂಟು, ಮಧ್ಯಾಹ್ನ ನಿನ್ನೊಳಗೆ ಎಂತ ಆಗ್ತದೆ ಅಂತ ನನಗೆ ಕಾಣುವುದಿಲ್ಲ ಎಂದರು. ಮಧ್ಯಾಹ್ನ ಬೆರಳು ಚುಚ್ಚಿ ನೋಡು ಎಂದು ಮೊದಲೇ ಹೇಳಿದ್ದರು. ಆದರೆ ಪಟ್ಟಿಗಳು ಮುಗಿದಿದ್ದವು, ರಜೆಗೆ ಯಾರೂ ಬಂದಿರಲಿಲ್ಲ. ಮಂಗಳೂರಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಹೊಸ ಯಂತ್ರ ಬಂದಿದೆಯಂತೆ, ಹೊಟ್ಟೆಗೆ ಕಟ್ಟಿಕೊಂಡು ಮೂರು ದಿನ ತಿರುಗಿದರೆ ಐದೈದು ನಿಮಿಷಕ್ಕೊಮ್ಮೆ ಸಕ್ಕರೆ ಬರೆದಿಡುತ್ತದಂತೆ ಎಂದು ಕಾಗದ ಕೊಟ್ಟರು. ಐದು ನಿಮಿಷಕ್ಕೊಮ್ಮೆ! ದಿನಕ್ಕೆ 288 ಎಂದು ಅಲ್ಲಿಯೇ ಲೆಕ್ಕ ಹಾಕಿದೆ. ಎರಡು ವರ್ಷದಲ್ಲಿ ನನ್ನ ಬಳಿ ಇದ್ದದ್ದು ಇನ್ನೂರೂ ಅಲ್ಲ.

ಆಸ್ಪತ್ರೆಯಲ್ಲಿ ಯಂತ್ರ ಇದ್ದದ್ದು ಒಂದೇ. ಹೆಸರು ಬರೆಸಿ ಬಂದೆ. ಸರದಿ ಬಂದದ್ದು ಏಪ್ರಿಲ್ 17, ಸೋಮವಾರ. ಅಕ್ಕ ಜೊತೆಗೆ ಬಂದಿದ್ದಳು. ಕಾಯುವ ಕೋಣೆಯಲ್ಲಿ ನಮ್ಮ ಪಕ್ಕ ಕೂತಿದ್ದ ಮುದುಕರು ಆಗಷ್ಟೇ ಅದನ್ನು ಬಿಚ್ಚಿಸಿಕೊಂಡಿದ್ದರು. ಹೇಗಿತ್ತು ಎಂದು ಕೇಳಿದೆ. “ಎಂತದ್ದೂ ಇಲ್ಲ, ಜೇಬಿನಲ್ಲಿ ಇನ್ನೊಬ್ಬರ ಮೊಬೈಲು ಇಟ್ಕೊಂಡ ಹಾಗೆ,” ಎಂದರು.

ಹೊಟ್ಟೆಯ ಚರ್ಮದೊಳಗೆ ಕೂದಲಿನಷ್ಟು ತೆಳುವಾದ ಒಂದು ಎಳೆ, ಮೇಲೆ ಪ್ಲಾಸ್ಟರು, ಅಲ್ಲಿಂದ ಒಂದು ವಯರು, ವಯರಿನ ತುದಿಯಲ್ಲಿ ಬೆಲ್ಟಿಗೆ ಸಿಕ್ಕಿಸುವ ಪೆಟ್ಟಿಗೆ. ನರ್ಸಮ್ಮ ಎಲ್ಲ ಹೇಳಿಕೊಟ್ಟರು. ದಿನಕ್ಕೆ ನಾಲ್ಕು ಸಲ ಬೆರಳು ಚುಚ್ಚಿ ಅಂಕಿಯನ್ನು ಪೆಟ್ಟಿಗೆಗೆ ಒತ್ತಬೇಕು, ಅದಕ್ಕೆ ಪಟ್ಟಿ ಅವರೇ ಕೊಟ್ಟರು. ತಿಂದದ್ದು, ನಡೆದದ್ದು, ಇನ್ಸುಲಿನ್ ಎಲ್ಲ ಗಂಟೆ ಸಹಿತ ಬರೆಯಬೇಕು. ಅದನ್ನು ನನಗೆ ಹೇಳಬೇಕಾಗಿರಲಿಲ್ಲ. ನಾನು ಕೇಳಿದ್ದು ಒಂದೇ: ಇದರಲ್ಲಿ ರೀಡಿಂಗ್ ಎಲ್ಲಿ ಕಾಣುತ್ತದೆ?

ಕಾಣುವುದಿಲ್ಲ ಎಂದರು. ಅದು ಒಳಗೇ ಬರೆದುಕೊಳ್ಳುತ್ತದೆ. ಮೂರು ದಿನದ ನಂತರ ಇಲ್ಲಿಯ ಕಂಪ್ಯೂಟರಿಗೆ ಹಾಕಿದಾಗ ಮಾತ್ರ ಗೊತ್ತಾಗುವುದು.

ಊರಿನವರ ಮೀಟರೆಲ್ಲ ಓದುವ ನನ್ನ ಹೊಟ್ಟೆಯ ಮೇಲೆಯೇ ಮೀಟರು ಓಡುತ್ತಿತ್ತು. ಅದನ್ನು ನೋಡುವ ಹಾಗಿರಲಿಲ್ಲ. ಬಸ್ಸಿನಲ್ಲಿ ಅಕ್ಕ ನನ್ನ ಅಂಗಿಯನ್ನು ಎಳೆದು ವಯರು ಮುಚ್ಚಿದಳು. ವಯರು ಹೊರಗೆ ಬಿಡಬೇಡ, ಕಾಲ ಸರಿಯಿಲ್ಲ, ಯಾರಾದರೂ ಬೇರೆ ಏನೋ ಅಂದುಕೊಂಡಾರು ಎಂದು ಕಿವಿಯಲ್ಲಿ ಹೇಳಿದಳು. ಸೆಕೆಯಲ್ಲಿ ಕತ್ತಿನವರೆಗೆ ಗುಂಡಿ ಹಾಕಿಕೊಂಡು ಬಂಟ್ವಾಳ ಮುಟ್ಟಿದೆ. ಆ ಸಂಜೆ ಉಮ್ಮ ಬಾಯಿ ಮೂಸಲಿಲ್ಲ. ಪ್ಲಾಸ್ಟರಿನ ಸುತ್ತ ಬೆರಳಾಡಿಸಿ, ನೋವು ಉಂಟಾ ಎಂದು ಕೇಳಿದರು.

ಏಪ್ರಿಲ್ 18, ಮಂಗಳವಾರ. ರಜೆ ಹಾಕಬಹುದಿತ್ತು. ಆದರೆ ಡಾಕ್ಟರು ದಿನಾ ಮಾಡುವುದನ್ನೇ ಮಾಡು, ಇಲ್ಲದಿದ್ದರೆ ಯಂತ್ರಕ್ಕೆ ಕಾಣುವುದಿಲ್ಲ ಎಂದಿದ್ದರು. ಏಪ್ರಿಲ್ ಕೊನೆಗೆ ಉಳಿದದ್ದೂ ಹನ್ನೆರಡೇ ದಿನ. ಇಪ್ಪತ್ತಾರನೇ ಮನೆ ಗಿರಿಜಕ್ಕನದ್ದು. ಗಂಡ ತೀರಿಹೋದ ಎಪ್ಪತ್ತರ ಹೆಂಗಸು. ಸೊಸೆ ಸುಮತಿಯ ಜೊತೆ ಇಡೀ ದಿನ ಜಗಲಿಯಲ್ಲಿ ಬೀಡಿ ಕಟ್ಟುತ್ತಾರೆ. ಮೀಟರು ಅವರ ತಲೆಯ ಮೇಲೆಯೇ. ಹನ್ನೆರಡು ಮುಕ್ಕಾಲಿಗೆ ಅಲ್ಲಿಗೆ ಮುಟ್ಟಿದಾಗ ನನ್ನ ನಾಲಿಗೆ ಆಗಲೇ ದಪ್ಪಗಾಗಿತ್ತು ಎಂದು ಕಾಣುತ್ತದೆ. ಗಿರಿಜಕ್ಕನ ಕಣ್ಣು ಬೆಲ್ಟಿನ ಪೆಟ್ಟಿಗೆಗೆ ಹೋಯಿತು.

“ಇದೆಂತದ್ದು ಸಾಯ್ಬರೇ?”

“ಮೀಟರ್.”

“ನಿಮಗೂ ಇಟ್ರಾ? ಬಿಲ್ಲು ಯಾರಿಗೆ ಬರ್ತದೆ?” ಸುಮತಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. “ರೀಡಿಂಗು ಎಷ್ಟುಂಟು ಈಗ?” ಎಂದರು ಗಿರಿಜಕ್ಕ.

ಗೊತ್ತಿಲ್ಲ ಎಂದೆನೋ, ಎನ್ನಲು ಹೊರಟೆನೋ. ಕಾಲು ಮಡಚಿತು. ಜಗಲಿಯ ಕಂಬ ಹಿಡಿದುಕೊಂಡೇ ಕೂತೆ. ಸುಮತಿ ಓಡಿಹೋಗಿ ನೀರು ತಂದಳು. ಬರಿ ನೀರು. ಗಂಟಲಲ್ಲಿ ಇಳಿಯಿತು, ಏನೂ ಆಗಲಿಲ್ಲ. ನನ್ನ ಎದುರಿಗೆ ತೆರೆದ ಬಾಗಿಲು, ಬಾಗಿಲ ಒಳಗೆ ಗೋಡೆಯ ಗೂಡು, ಗೂಡಿನಲ್ಲಿ ಬೆಲ್ಲದ ಭರಣಿ. ಎರಡು ವರ್ಷ ಆ ಭರಣಿಯಿಂದ ತಿಂದಿದ್ದೆ. ಅದು ಬೇಕು ಎಂದು ಮೈಯೊಳಗೆ ಎಲ್ಲೋ ಗೊತ್ತಿತ್ತು. ಅದರ ಹೆಸರು ನೆನಪಾಗಲಿಲ್ಲ. ತುಳುವಿನಲ್ಲಿ, ಬ್ಯಾರಿಯಲ್ಲಿ, ಕನ್ನಡದಲ್ಲಿ, ಯಾವುದರಲ್ಲೂ ಬರಲಿಲ್ಲ. ಕೈ ಎತ್ತಿ ತೋರಿಸಲು ನೋಡಿದೆ. ಕೈ ನನ್ನದಾಗಿರಲಿಲ್ಲ.

ಈ ಮುಂದಿನದನ್ನು ಸುಮತಿ ಹೇಳಿದಂತೆ ಬರೆಯುತ್ತೇನೆ. ಸಕ್ಕರೆ ಏರಿತೆಂದು ಅವರಿಬ್ಬರೂ ತಿಳಿದರು. ಏರಿದ್ದನ್ನು ಇಳಿಸಲು ಸುಮತಿ ಹಾಗಲಕಾಯಿ ಜಜ್ಜಿ ರಸ ತೆಗೆದು ಬಾಯಿಗೆ ಹಿಡಿದಳು. ಅರ್ಧ ಚೆಲ್ಲಿತು, ಅರ್ಧ ಒಳಗೆ ಹೋಯಿತು. ನನ್ನ ಕಣ್ಣು ಮೇಲೆ ಸಿಕ್ಕಿಕೊಂಡಿತು. ಜೀಪು ತರಲು ರಸ್ತೆಗೆ ಓಡಬೇಕು, ಹೋಗಿ ಬರಲು ಅರ್ಧ ಗಂಟೆ. ಗಿರಿಜಕ್ಕ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಭರಣಿ ತಾ ಎಂದರು.

“ಅತ್ತೆ, ಬೇಡ. ವಾಸಣ್ಣ ಅಷ್ಟು ಹೇಳಿದ್ದಾರೆ.”

“ಹೋಗುವವನೇ ಆದ್ರೆ ಬೆಲ್ಲ ತಿಂದು ಹೋಗ್ಲಿ. ನನ್ನ ಜಗಲಿಯಿಂದ ಬರೀ ನೀರು ಕುಡಿದು ಹೋದ ಅಂತ ಬೇಡ.”

ಬೆಲ್ಲವನ್ನು ನೀರಿನಲ್ಲಿ ಕಿವುಚಿ, ಬೆರಳಲ್ಲಿ ಒಸಡಿಗೆ ಹಚ್ಚಿದರಂತೆ. ನುಂಗುತ್ತಿದ್ದೇನೆಂದು ಕಂಡ ಮೇಲೆ ಇನ್ನಷ್ಟು. ಹತ್ತು ಹದಿನೈದು ನಿಮಿಷವಾಗಿರಬೇಕು. ನನಗೆ ಮೊದಲು ಬಂದದ್ದು ಬೀಡಿ ಎಲೆಯ ವಾಸನೆ, ಆಮೇಲೆ ಬಾಯಲ್ಲಿ ಕಹಿ, ಕಹಿಯ ಮೇಲೆ ಸಿಹಿ. ಮೇಲೆ ಗಿರಿಜಕ್ಕನ ಮುಖ. ಅವರು ಅಳುತ್ತಿದ್ದರು. ಸತ್ತವನು ಎದ್ದು ಕೂತದ್ದಕ್ಕೆ ಸಂತೋಷಪಡಬೇಕೋ, ಸಕ್ಕರೆ ಕಾಯಿಲೆಯವನಿಗೆ ಬೆಲ್ಲ ತಿನ್ನಿಸಿದ್ದಕ್ಕೆ ಹೆದರಬೇಕೋ ಅವರಿಗೆ ತಿಳಿಯುತ್ತಿರಲಿಲ್ಲ. ಯಾರಿಗೂ ಹೇಳಬೇಡಿ ಸಾಯ್ಬರೇ ಎಂದು ಕೈ ಮುಗಿದರು. ಎಪ್ಪತ್ತು ವರ್ಷದ ಹೆಂಗಸು ನನಗೆ ಕೈ ಮುಗಿದದ್ದು ನೋಡಲಾಗದೆ ಕಣ್ಣು ಮುಚ್ಚಿದೆ. ಪೆಟ್ಟಿಗೆ ಬೆಲ್ಟಿನಲ್ಲಿ ಹಾಗೆಯೇ ಇತ್ತು. ಗಂಟೆ ಮಾತ್ರ ತೋರಿಸುತ್ತಿತ್ತು: 1:19.

ಗುರುವಾರ ಯಂತ್ರ ಬಿಚ್ಚಿದರು. ಕಾಯುವ ಕೋಣೆಯಲ್ಲಿ ಎರಡೂಕಾಲು ಗಂಟೆ ಕೂತೆವು. ಮಂಗಳೂರಿನ ಡಾಕ್ಟರು ಚಿಕ್ಕ ಪ್ರಾಯದವರು, ಮಾತು ಕಡಿಮೆ. ಕಾಗದದ ಮೇಲೆ ಮೂರು ಬಣ್ಣದ ಗೆರೆಗಳು, ದಿನಕ್ಕೊಂದು. ಬೆಳಿಗ್ಗೆ ಮೂರೂ ಗೆರೆ ಒಟ್ಟಿಗೆ ನಡೆಯುತ್ತವೆ. ಹನ್ನೊಂದರ ನಂತರ ಮೂರೂ ಇಳಿಯುತ್ತವೆ. ಮಂಗಳವಾರದ ಗೆರೆ ಕಾಗದದ ತಳಕ್ಕೆ ಮುಟ್ಟಿ, ಅಲ್ಲಿಯೇ ತೆವಳಿ, ಒಂದು ಗಂಟೆಯ ಆಚೆ ಗುಡ್ಡದಂತೆ ಎದ್ದಿತ್ತು.

ಇಲ್ಲಿ ಏನಾಯಿತು ಎಂದು ಪೆನ್ನು ಇಟ್ಟರು. ಹೇಳಿದೆ. ಮೊದಲು ಹೀಗೆ ಆಗುತ್ತಿತ್ತೇ ಎಂದು ಕೇಳಿದರು. ಇಲ್ಲ, ಈ ವರ್ಷವೇ ಶುರು. ನನ್ನ ಡೈರಿ ತೆಗೆದುಕೊಂಡು ಹಿಂದಕ್ಕೆ ಹಿಂದಕ್ಕೆ ಹೋದರು. ಜನವರಿಯಲ್ಲಿ ನಿಂತರು.

“ವಾಸಣ್ಣ ಯಾರು? ಅವನಿಗೆ ಎಂತ ಗೊತ್ತಾಯಿತು?”

ಆಗ ನನಗೆ ಹೊಳೆಯಿತು. ನಲವತ್ತು ಮನೆ, ನಲವತ್ತು ಚೂರು, ದಿನಾ, ಒಂದು ವರ್ಷ ಹತ್ತು ತಿಂಗಳು. ಆ ಬೆಲ್ಲವನ್ನೂ ಸೇರಿಸಿಕೊಂಡು ಬಂದ ಸಂಜೆಯ ಅಂಕಿ ನೋಡಿ ಮೂಡುಬಿದಿರೆಯ ಡಾಕ್ಟರು ಬೆಳಗಿನ ಇನ್ಸುಲಿನ್ ಏರಿಸುತ್ತಾ ಹೋಗಿದ್ದರು. ಬೆಲ್ಲ ನಿಂತಿತು. ಇನ್ಸುಲಿನ್ ನಿಲ್ಲಲಿಲ್ಲ. ನನ್ನನ್ನು ಬೀಳಿಸಿದ್ದು ಊರಿನವರ ಪ್ರೀತಿ ಎಂದು ಹೇಳಬಹುದು. ಆದರೆ ಐದು ಡೈರಿಗಳಲ್ಲಿ ಹೊಳೆಯ ಮೆಟ್ಟಿಲಿನಿಂದ ಹಿಡಿದು ದೋಸೆಯ ಲೆಕ್ಕದವರೆಗೆ ಬರೆದ ನಾನು ಬರೆಯಬೇಕಾಗಿದ್ದ ಒಂದನ್ನೇ ಬಿಟ್ಟಿದ್ದೆ.

ಡಾಕ್ಟರು ಬಯ್ಯಲಿಲ್ಲ. ಬೆಳಗಿನ ಇನ್ಸುಲಿನ್ ಆರು ಯೂನಿಟ್ ಇಳಿಸಿದರು. ಹನ್ನೊಂದಕ್ಕೆ ಏನಾದರೂ ತಿನ್ನು, ಊಟಕ್ಕೆ ಎರಡು ಗಂಟೆಯವರೆಗೆ ಕಾಯಬೇಡ ಎಂದರು. ಎಚ್ಚರ ಪೂರ್ತಿ ತಪ್ಪಿದವನ ಬಾಯಿಗೆ ಏನನ್ನೂ ಹಾಕಬಾರದು, ಉಸಿರಿಗೆ ಸಿಕ್ಕೀತು ಎಂದು ಅಕ್ಕನಿಗೆ ಹೇಳಿದರು. ಆಮೇಲೆ ನನ್ನ ಕಡೆ ನೋಡಿ, “ನಿನ್ನ ಅಜ್ಜಿಗೆ ಮಾತ್ರ ಬಯ್ಯಬೇಡ,” ಎಂದರು. ನನ್ನ ಅಜ್ಜಿಯಲ್ಲ ಎಂದು ತಿದ್ದಲು ಹೋಗಲಿಲ್ಲ.

ಗೆರೆಗಳ ಕಾಗದವನ್ನು ಗುತ್ತಿಗೆದಾರರಿಗೆ ತೋರಿಸಿದೆ. ತಲೆಕೆಳಗೆ ಹಿಡಿದು ನೋಡಿ, ಕುಡಿದದ್ದು ಇದರಲ್ಲಿ ಕಾಣ್ತದಾ ಎಂದು ಕೇಳಿದರು. ಕೆಲಸ ಉಳಿದುಕೊಂಡಿತು. ಉಮ್ಮ ಈಗ ನನ್ನ ಚೀಲಕ್ಕೆ ತಾವೇ ಪೆಪ್ಪರ್‌ಮಿಂಟು ಹಾಕುತ್ತಾರೆ, ಹಾಕುವಾಗ ಮುಖ ಆಚೆ ತಿರುಗಿಸುತ್ತಾರೆ. ವಾಸಣ್ಣ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನದಿಂದ ಮತ್ತೆ ಮನೆ ಮನೆಗೆ ಹೋಗಿ, ಕೊಡಿ, ಕೊಡಬೇಡಿ, ಬೆವರಿದರೆ ಕೊಡಿ ಎಂದು ಎಲ್ಲರನ್ನೂ ಗಲಿಬಿಲಿ ಮಾಡಿಟ್ಟರು. ಈಗ ಕೆಲವು ಮನೆಯಲ್ಲಿ ಅಚ್ಚು ಬೆಲ್ಲ, ಕೆಲವು ಮನೆಯಲ್ಲಿ ಬರಿ ನೀರು, ಎಲ್ಲ ಮನೆಯಲ್ಲೂ ನನ್ನ ಹಣೆಯ ಮೇಲೊಂದು ಕಣ್ಣು. ಗಿರಿಜಕ್ಕ ಇನ್ನೂ ಹೆದರುತ್ತಾರೆ. ಕಾಗದ ತೋರಿಸಿ ಎಷ್ಟು ವಿವರಿಸಿದರೂ ಕೈಯಲ್ಲಿ ಕೊಡುವುದಿಲ್ಲ. ನಾನು ಬರುವ ದಿನ ಮೀಟರಿನ ಕೆಳಗೆ, ಜಗಲಿಯ ಕಟ್ಟೆಯ ಮೇಲೆ ಒಂದು ತುಂಡು ಇಟ್ಟು, ಬೀಡಿಯ ಮೊರದ ಕಡೆ ತಿರುಗಿ ಕೂತಿರುತ್ತಾರೆ.

“ನಾನು ಕೊಡ್ಲಿಲ್ಲ ಸಾಯ್ಬರೇ. ನೀವು ತೆಗೆದದ್ದು.”

ಇಷ್ಟಕ್ಕೆ ಎಲ್ಲ ಸರಿಯಾಯಿತು ಎಂದು ಬರೆಯುವ ಆಸೆ. ಬರೆದರೆ ಸುಳ್ಳು ಲೆಕ್ಕವಾಗುತ್ತದೆ. ಆ ಮೂರು ದಿನದ ಗೆರೆ ಆ ಮೂರು ದಿನದ್ದು. ನಾನು ಕೋಣೆಯಿಂದ ಹೊರಗೆ ಬರುವಷ್ಟರಲ್ಲಿ ಪೆಟ್ಟಿಗೆಯನ್ನು ಒರೆಸಿ ಮುಂದಿನವರ ಸೊಂಟಕ್ಕೆ ಕಟ್ಟುತ್ತಿದ್ದರು. ಇನ್ನೊಂದು ಸಲ ಸಿಗುತ್ತದೆಯೇ ಎಂದು ಮರುವರ್ಷ ಕೇಳಿದೆ, ಹೆಸರು ಬರೆದುಕೊಂಡರು. ಈ ಎರಡು ವರ್ಷದಲ್ಲಿ ಮೂರು ಸಲ ಮತ್ತೆ ಬಿದ್ದಿದ್ದೇನೆ. ಒಂದು ಸಲ 390ಕ್ಕೆ ಏರಿದ್ದೇನೆ, ಯಾಕೆಂದು ಡೈರಿ ಹೇಳುವುದಿಲ್ಲ. ಇದನ್ನು ಬರೆಯಲು ಕೂತದ್ದಕ್ಕೂ ಒಂದು ಕಾರಣ ಉಂಟು. ಹೋದ ವಾರ ಮೂಡುಬಿದಿರೆಯ ಕ್ಲಿನಿಕ್ಕಿನ ಬೆಂಚಿನಲ್ಲಿ, ಸಿರಿಂಜನ್ನು ಪೇಪರಿನಲ್ಲಿ ಸುತ್ತಿ ಹಿಡಿದ ಒಬ್ಬಳು ಹುಡುಗಿ ಅಮ್ಮನ ಜೊತೆ ಕೂತಿದ್ದಳು. ಇದೆಲ್ಲ ಅಭ್ಯಾಸ ಆಗ್ತದಾ ಅಣ್ಣ ಎಂದು ಕೇಳಿದಳು. ಚುಚ್ಚುವುದು ಅಭ್ಯಾಸ ಆಗ್ತದೆ ಎಂದೆ. ಸಿಕ್ಕಿದ್ದೆಲ್ಲ ಬರಿ, ಬೆಲ್ಲವನ್ನೂ ಬರಿ ಎಂದೆ. ಅಮ್ಮ ಮಗಳು ಮುಖ ಮುಖ ನೋಡಿಕೊಂಡರು.

ಈಗ ನನ್ನ ಡೈರಿಯಲ್ಲಿ ಬೆಲ್ಲಕ್ಕೊಂದು ಕಾಲಂ ಉಂಟು. ಮಧ್ಯಾಹ್ನಕ್ಕೂ ಒಂದು ಉಂಟು. ಪಟ್ಟಿ ಇದ್ದ ದಿನ ಅದರಲ್ಲಿ ಅಂಕಿ ಬರುತ್ತದೆ. ಇಲ್ಲದ ದಿನ ಖಾಲಿ ಬಿಡಲು ಮನಸ್ಸಾಗದೆ, ನನ್ನ ಕೆಲಸದ ರೂಢಿಯಂತೆಯೇ ತುಂಬುತ್ತೇನೆ. ಇವತ್ತಿನದ್ದು ಹೀಗೆ:

ಮನೆ 41. ಬಾಗಿಲು ಹಾಕಿದ್ದು 3. ನೀರು 12 ಲೋಟ. ಬೆಲ್ಲ 2 ತುಂಡು, ಒಂದು ಗಿರಿಜಕ್ಕನ ಕಟ್ಟೆಯಿಂದ. ಬೆಳಿಗ್ಗೆ 126. ಮಧ್ಯಾಹ್ನ: ಡೋರ್ ಲಾಕ್.